ಬಾವಿಯೊಳಗಿನ ಬಿಳಿ ಹರಳು

ಮಹನೀಯರೇ, ಈ ಪರದೇಶದ ಲೈಡನ್ ಪಟ್ಟಣದ ಶನಿವಾರದ ಸಂತೆಯಲ್ಲಿ ಕಲ್ಲು ಮಾರುವವಳು ಅಂಗೈಯಗಲದ ಬಿಳಿ ಹರಳಿನ ಗೊಂಚಲೊಂದನ್ನು ನನ್ನ ಕೈಗಿಟ್ಟು, "ನಿಮ್ಮ ಇಂಡಿಯಾದ್ದೇ" ಅಂದಳು. ನಮ್ಮೂರಿನ ಬಾವಿ ಕಣ್ಣೆದುರು ಬಂತು!

ನಮ್ಮೂರಿನ ಕರಿಕಲ್ಲು ಒಂದು ಕಾಲದ ಲಾವಾ. ಅದು ಆರುವಾಗ ಒಳಗಿನ ಗಾಳಿಗುಳ್ಳೆಗಳು ಪೊಳ್ಳಾಗಿ ಉಳಿದವು. ಯುಗಯುಗ ನೀರು ಜಿನುಗಿ ಆ ಪೊಳ್ಳುಗಳಲ್ಲಿ ಹರಳು ಬೆಳೆದವು. ಇದೆಲ್ಲ ಈಗ ಗೊತ್ತು. ಚಿಕ್ಕಂದಿನಲ್ಲಿ ಗೊತ್ತಿದ್ದದ್ದು ಬಾವಿಯ ಭಯವೊಂದೇ.

ಅಪ್ಪ ಬಾವಿ ತೋಡುವವನು. ತಳದಲ್ಲಿ ಬಂಡೆ ಸಿಡಿಸುವ ಮದ್ದಿನ ಬತ್ತಿಗೆ ಕಿಡಿ ಹಚ್ಚಿ, ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕೂತು, "ಎಳೀರಲೇ!" ಎಂದು ಗರ್ಜಿಸುತ್ತಿದ್ದ. ಊರ ನಾಟಕದಲ್ಲಿ ಭೀಮನಾಗುತ್ತಿದ್ದ ಗಂಟಲದು! ಆ ಕೂಗು ಬಾರದೆ ಯಾರೂ ಹಗ್ಗ ಎಳೆಯುವಂತಿಲ್ಲ. ಬರಿ ಬುಟ್ಟಿ ಮೇಲೆ ಬಂದರೆ ಮನುಷ್ಯ ಕೆಳಗೇ ಉಳಿದಂತೆ.

ಅಂದು ಬತ್ತಿಯ ಹೊಗೆ ಬಂತು. ಕೂಗು ಬರಲಿಲ್ಲ.

"ಎಳೀರಪ್ಪೋ!" ಅವ್ವ ಚೀರಿದಳು.

"ಬುಟ್ಟ್ಯಾಗ ಕೂತಾನೋ ಇಲ್ಲೋ ಹೆಂಗ ತಿಳೀಬೇಕು ವೈನಿ?" ಹಗ್ಗ ಹಿಡಿದಿದ್ದ ಕಾಕಾ, ಅಪ್ಪನ ತಮ್ಮ, ಬಾವಿಯೊಳಗೆ ಬಗ್ಗಿ ನೋಡಿದ.

ಕೊನೆಗೂ ತಳದಿಂದ ಅಪ್ಪನ ಕೂಗು ಬಂತು: "ಎಳೀರಲೇ!"

ಅಪ್ಪ ಬುಟ್ಟಿಯಿಂದ ಜಿಗಿದು ಓಡಿದ ಬೆನ್ನಿಗೇ ಮದ್ದು ಸಿಡಿದು ನೆಲ ನಡುಗಿತು. ಅವನ ಮುಷ್ಟಿಯಲ್ಲಿ ಬಿಳಿ ಹರಳು! "ಕಲ್ಲಿನ ಪೊಳ್ಳಿನ್ಯಾಗ ಹೊಳ್ಯಾಕತ್ತಿತ್ತು. ಕೂಸಿನ ಆಟಕ್ಕಂತ ಕಿತ್ನಿ," ಎಂದು ನಕ್ಕ. ಅವ್ವ ಅದನ್ನು ಕಸಿದು, ಹೊಗೆಯಾಡುವ ಬಾವಿಗೇ ಎಸೆದಳು.

ಇತ್ತ ಲೈಡನ್‌ನ ಸಂತೆಯವಳು ಬೆಲೆ ಹೇಳುತ್ತಿದ್ದಳು. ನಾನು ಕೇಳಿದೆ: "ಇದನ್ನು ಕಿತ್ತವನು ಮೇಲೆ ಬಂದನೇ?"

ಚೌಕಾಸಿ ಎಂದುಕೊಂಡು ಅವಳು ಬೆಲೆ ಇಳಿಸಿದಳು.