ಎರಡು ಕಾರ್ಡಿನ ನಿಯಮ

ಅರವತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿನ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಕಾಗದ ಬರೆಯುವ ಕೆಲಸಕ್ಕಿದ್ದೆ. ಕಾಗದವೆಂದರೆ ಜವಾಬು ಕಾರ್ಡು: ಒಂದರ್ಧ ನಮ್ಮ ಪ್ರಶ್ನೆಗೆ, ಇನ್ನೊಂದರ್ಧ ಅವರ ಉತ್ತರಕ್ಕೆ. ಅವರೆಂದರೆ ಕ್ಷಯಕ್ಕೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಊರಿಗೆ ಮರಳಿದ ನಾಲ್ಕು ತಾಲ್ಲೂಕಿನ ರೋಗಿಗಳು. ಐದು ವರ್ಷ ಅವರು ಹೇಗಿರುತ್ತಾರೆ ಎಂದು ನೋಡುವ ಅಧ್ಯಯನ ಅದು. ಊರೂರು ಅಲೆಯಲು ಜನರಿಲ್ಲ, ಜೀಪಿಲ್ಲ. ತಿಂಗಳಿಗೊಂದು ಕಾರ್ಡು ಹೋಗಬೇಕು, ಕೆಮ್ಮು ಇದೆಯೇ, ಜ್ವರ ಇದೆಯೇ ಎಂಬುದಕ್ಕೆ ಉತ್ತರ ಬರಬೇಕು, ಬಂದ ಮೇಲೆ ಮುಂದಿನ ಮಾತ್ರೆ ಅಂಚೆಯಲ್ಲಿ ಹೋಗಬೇಕು. ಸಾಲಾಗಿ ಎರಡು ಕಾರ್ಡಿಗೆ ಉತ್ತರ ಬರದಿದ್ದರೆ ಹೆಸರಿನ ಮೇಲೆ ಕೆಂಪು ಗೀಟು, ಮಾತ್ರೆ ಬಂದ್. ಊರು ಬಿಟ್ಟವರಿಗೂ ಸತ್ತವರಿಗೂ ಮಾತ್ರೆ ಕಳಿಸಿ ಹಾಳುಮಾಡಿಕೊಂಡ ಮೇಲೆ ಅಧ್ಯಯನದ ಡಾಕ್ಟರು ಮಾಡಿದ ನಿಯಮ.

ಸುಳ್ಳೇಕೆ ಹೇಳಲಿ, ಆ ಕೆಲಸದಲ್ಲಿ ನನಗೆ ಜಂಬವಿತ್ತು. ಅಚ್ಚಾದ ಪ್ರಶ್ನೆಗಳನ್ನು ಓದಿದರೆ ಪೊಲೀಸರು ವಿಚಾರಿಸಿದ ಹಾಗಿತ್ತು. ಅದಕ್ಕೇ ಪ್ರತಿ ಕಾರ್ಡಿನ ತಲೆಯ ಮೇಲೆ ರೋಗಿಯ ಹೆಸರನ್ನು ದಪ್ಪಗೆ ಬರೆದು, ಕೆಳಗೆ ನನ್ನದೇ ಒಂದು ಸಾಲು ಸೇರಿಸುತ್ತಿದ್ದೆ: 'ಇದ್ದೀರಾ? ಹೇಗಿದ್ದೀರಿ?' ಅಷ್ಟಕ್ಕೇ ಜನ ಕರಗಿದರು. ಕೃಷ್ಣರಾಜನಗರದ ಒಬ್ಬ ಅಜ್ಜ ಸೊಸೆಯ ಮೇಲಿನ ದೂರನ್ನೆಲ್ಲ ಬರೆಸಿ ಕಳಿಸುತ್ತಿದ್ದ. ಪಿರಿಯಾಪಟ್ಟಣದ ಕಾರ್ಡುಗಳಿಗೆ ಹೊಗೆಸೊಪ್ಪಿನ ವಾಸನೆ. ಕೋಟೆ ತಾಲ್ಲೂಕಿನವು ತಡವಾದರೂ ಬರುತ್ತಿದ್ದವು. "ನಿನ್ನ ಅಕ್ಷರದಲ್ಲಿ ಏನೋ ಇದೆಯಮ್ಮ," ಎಂದು ಡಾಕ್ಟರು ಹೊಗಳಿದ ದಿನ ನಾನು ಊಟ ಬಿಟ್ಟು ಕಾರ್ಡು ಬರೆದಿದ್ದೇನೆ.

ಉತ್ತರ ಬಾರದೆ ಉಳಿದದ್ದು ಹನಗೋಡಿನಿಂದಾಚೆ, ಕಾಡಂಚಿನ ಒಂದು ಹಳ್ಳಿಯ ಹೆಂಗಸಿನದು. ನನಗಿಂತ ಒಂದು ವರ್ಷ ಚಿಕ್ಕವಳು. ಆಸ್ಪತ್ರೆಯಿಂದ ಬಿಡುವಾಗ ಎರಡು ತಿಂಗಳ ಮಾತ್ರೆ ಕೊಟ್ಟು ತವರಿಗೆ ಕಳಿಸಿದ್ದರು. ಮೊದಲ ಕಾರ್ಡಿಗೆ ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ. ನನಗೆ ಸಿಟ್ಟು ಬಂತು. ಒಂದು ಹೆಬ್ಬೆಟ್ಟು ಒತ್ತಿ ಹಾಕಲು ಇವಳಿಗೇನು ಕೊಬ್ಬು ಎಂದುಕೊಂಡು, ಸ್ಕೇಲಿಟ್ಟು ನೆಟ್ಟಗೆ ಕೆಂಪು ಗೀಟೆಳೆದೆ.

ಎಳೆದದ್ದೇನೋ ಎಳೆದೆ, ಆ ಹೆಸರು ಕಣ್ಣಿಂದ ಹೋಗಲಿಲ್ಲ. ಪುಸ್ತಕ ತೆರೆದಾಗಲೆಲ್ಲ ಮೊದಲು ಅದೇ ಕಾಣುವುದು. ಮೂರು ತಿಂಗಳು ಹೀಗೇ ಕಳೆದ ಮೇಲೆ, ಡಾಕ್ಟರಿಗೂ ಹೇಳದೆ, ಸ್ವಲ್ಪ ಮಾತ್ರೆಯನ್ನು ಚೀಲಕ್ಕೆ ಹಾಕಿಕೊಂಡು ಒಂದು ಭಾನುವಾರ ಹನಗೋಡಿನ ಬಸ್ಸು ಹತ್ತಿದೆ.

ಹೊಳೆ ದಾಟಿ ಎರಡು ಗಂಟೆ ನಡೆದು ಆ ಹಳ್ಳಿ ಸೇರಿದಾಗ ನಡುಮಧ್ಯಾಹ್ನ. ಒಂದೇ ಬೀದಿ, ಹತ್ತು ಹನ್ನೆರಡು ಮನೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆದರೆ ಊರು ಖಾಲಿಯಿರಲಿಲ್ಲ. ಸೂರಿನ ಸಂದಿಯಿಂದ ಹೊಗೆ ಏಳುತ್ತಿತ್ತು, ಒಳಗೆಲ್ಲೋ ರಾಗಿ ಬೀಸುವ ಸದ್ದಿತ್ತು. ಅವಳ ಮನೆ ಯಾವುದೆಂದು ತಿಳಿಯದೆ ಬೀದಿಯ ತುದಿಯಲ್ಲೇ ನಿಂತು, "ಯಾರಿದ್ದೀರಿ ಮನೇಲಿ?" ಎಂದು ಕೂಗಿದೆ.

ಬೀಸುವ ಸದ್ದು ನಿಂತಿತು.

"ಯಾರಾದರೂ ಇದ್ದೀರಾ?" ಎಂದು ಮತ್ತೆ ಕೂಗಿದೆ. ಎದುರಿನ ಬಾಗಿಲ ಸಂದಿಯಲ್ಲಿ ಒಂದು ಮಗುವಿನ ಮುಖ ಕಂಡಿತು. ಹಿಂದಿನಿಂದ ಬಂದ ಕೈಯೊಂದು ಅದರ ಬಾಯಿ ಮುಚ್ಚಿತು. ನಾಯಿಯೂ ಬೊಗಳಲಿಲ್ಲ. ಅಷ್ಟೂ ಮನೆಗಳವರು ಉಸಿರು ಬಿಗಿಹಿಡಿದು ನನ್ನನ್ನೇ ಆಲಿಸುತ್ತಿದ್ದಾರೆ ಎಂದು ಗೊತ್ತಾಯಿತು. ತಿರುಗಿ ಓಡಬೇಕು ಅನ್ನಿಸಿತು. ಹೆದರಿಕೆಗೇ ಇನ್ನೊಂದು ಸಲ ಕಿರುಚಿದೆ.

"ಓ!"

ಒಂದು ಮನೆಯಿಂದಲ್ಲ, ಎಲ್ಲ ಮನೆಗಳಿಂದಲೂ ಒಟ್ಟಿಗೆ ಬಂತು. ಬಾಗಿಲುಗಳು ತೆರೆದವು, ಮಕ್ಕಳು ಬೀದಿಗೆ ನುಗ್ಗಿದವು, ಏನೂ ಆಗೇ ಇಲ್ಲವೆಂಬಂತೆ ರಾಗಿ ಬೀಸುವುದು ಮುಂದುವರಿಯಿತು. ಯಾರನ್ನು ಹುಡುಕಿಕೊಂಡು ಬಂದೆ ಎಂದು ಕೇಳಿ ನನ್ನನ್ನು ಕೊನೆಯ ಮನೆಯ ಮುಂದೆ ಬಿಟ್ಟರು.

ಅವಳ ತಾಯಿ ಜಗಲಿಯ ಮೇಲೆ ಚಾಪೆ ಹಾಸಿ ನೀರು ಕೊಟ್ಟಳು. ತಲೆಯೆತ್ತಿದರೆ ಬಾಗಿಲ ಮೇಲೆ ನನ್ನ ಎರಡೂ ಕಾರ್ಡುಗಳಿದ್ದವು. ಒಂದೇ ಕಬ್ಬಿಣದ ಮೊಳೆಯಲ್ಲಿ ಹೊಡೆದು, ಪಕ್ಕಕ್ಕೆ ಒಂದು ಹಳೆಯ ಪೊರಕೆ ಸಿಕ್ಕಿಸಿದ್ದರು.

"ಬೇಜಾರ್ ಮಾಡ್ಕಬ್ಯಾಡಿ ಕಣವ್ವ," ಎಂದಳು. "ನೀವು ಮನ್ಸರು ಅಂತ ಗೊತ್ತಾಗ್ಬೇಕಲ್ಲ. ಕಾಡ್ ಕಡೆಯಿಂದ ಕರೆಯೋದೂ ಎಸ್ರು ಕೂಗೇ ಕರೀತದೆ. ಒಂದ್ ಕಿತ ಕರೀತದೆ, ಎರಡ್ ಕಿತ ಕರೀತದೆ. ಮೂರ್ನೇದು ಕರೆಯಾಕಾಗಕಿಲ್ಲ ಅದ್ಕೆ. ಅದ್ಕೂ ಮುಂಚೆ ಓ ಅಂದೋರ್ನ ಕರ್ಕೊಂಡೋಯ್ತದೆ. ಮೂರ್ ಕಿತ ಕರೆದ್ರೇನೆ ನಾವು ಓ ಅನ್ನೋದು."

"ಆ ಕಾರ್ಡು..." ಎಂದೆ.

"ಟಪಾಲ್ನೋನು ಇದೇ ಅಂಗಳದಾಗೆ ನಿಂತ್ಕಂಡು ಓದ್ದ. ನನ್ ಮಗ್ಳು ಎಸ್ರು ಕೂಗಿ, ಇದ್ದೀರಾ, ಇದ್ದೀರಾ ಅಂತ. ಯಾರ್ ಬರ್ದವ್ರೆ ಅಂದ್ರೆ ಎಸ್ರಿಲ್ಲ ಅಂದ. ಮುಂದಿನ್ ತಿಂಗ್ಳೂ ಅಂಗೇ. ಇನ್ನೊಂದ್ ಬಂದ್ರೆ ಎಬ್ಬೆಟ್ಟು ಒತ್ತಾನ ಕಣವ್ವ ಅಂತ ದೀಪದ್ ಮಸಿ ಕಲ್ಸಿ ಮಡಗಿದ್ಲು. ದಿನಾ ಟಪಾಲ್ನೋನ ದಾರಿ ನೋಡೋಳು. ಅಷ್ಟರಾಗೆ ಮಾತ್ರೆ ಮುಗೀತು. ಆಮೇಲೆ ರಕ್ತ ಕಕ್ಕಾಕೆ ಸುರು ಮಾಡಿದ್ಲು."

ಅವಳು ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

ಮಾತ್ರೆ ನನ್ನ ಚೀಲದಲ್ಲಿತ್ತು. ಇನ್ನೊಂದು ಕಾರ್ಡು ಬರೆಯಲು ನನಗೆ ಎರಡು ನಿಮಿಷವೂ ಬೇಕಿರಲಿಲ್ಲ. ನಾನೇ ಅವಳನ್ನು ಕೊಂದೆ ಎಂದು ಆ ಜಗಲಿಯ ಮೇಲೆ ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ. ಕಾರ್ಡು ಬರೆದವಳು ನಾನೇ, ಮೂರನೆಯದನ್ನು ಕಳಿಸದೆ ಬಿಟ್ಟವಳೂ ನಾನೇ ಎಂದು ಹೇಳಿದೆ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ.

ತಾಯಿ ಎದ್ದು ಬಾಗಿಲನ್ನು ಪೂರ್ತಿ ತೆರೆದಳು.

"ಅಂಗಾರೆ ಒಂದ್ ಉಪ್ಕಾರ ಮಾಡಿ ತಾಯಿ. ಎರಡ್ ಕಿತ ಕರ್ದಿದ್ದೀರ. ಮೂರ್ನೇದೂ ಕರ್ದ್ಬುಡಿ. ಒಳ್ಗೆ ಇನ್ನೂ ಕಾಯ್ತಾ ಕುಂತವ್ಳೆ."

ಬಾಗಿಲಾಚೆ ಕತ್ತಲು ತುಂಬಿದ ನಡುಮನೆ, ಗೋಡೆಗೆ ಒರಗಿಸಿದ ಒಂದು ಸುತ್ತಿದ ಚಾಪೆ, ಅಷ್ಟೆ. ಆ ಹೆಸರನ್ನು ಎಷ್ಟೋ ಸಲ ಬರೆದಿದ್ದೆ, ಬಾಯಿಬಿಟ್ಟು ಒಮ್ಮೆಯೂ ಕರೆದಿರಲಿಲ್ಲ. ಕರೆದೆ. ಬೀದಿಯಲ್ಲಿ ಮಕ್ಕಳ ಗದ್ದಲ ತಟ್ಟನೆ ನಿಂತಿತು.

ತಾಯಿ ಕತ್ತು ವಾಲಿಸಿ ಆಲಿಸಿದಳು. ನೋಡುತ್ತಿದ್ದಂತೆ ಅವಳ ಮುಖ ಸಡಿಲವಾಯಿತು.

"ಓ ಅಂದ್ಲು," ಎಂದಳು. "ಕೇಳುಸ್ತಾ ನಿಮ್ಗೆ?"

ನನಗೇನೂ ಕೇಳಿಸಿರಲಿಲ್ಲ.

"ಕೇಳಿಸ್ತು," ಎಂದೆ.