ಹತ್ತಿಯಮ್ಮ ಕಿತ್ತ ಒಂದು ಹಲ್ಲು

ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ನಿಂತವಳು ಅವಳು. ಬಂದವರಿಗೆಲ್ಲ "ಹತ್ತಿ ಕಚ್ಚಿ ಹಿಡ್ಕೊಳ್ಳಿ, ಉಗೀಬೇಡಿ" ಅಂತ ಹೇಳಿ ಹೇಳಿ ಹತ್ತಿಯಮ್ಮ ಅನ್ನೋ ಹೆಸರೇ ಬಿದ್ದುಹೋಗಿತ್ತು. ಡಾಕ್ಟರು ಕೈ ಚಾಚುವ ಮೊದಲೇ ಇಕ್ಕಳ ಕೈಗಿಡುವುದರಲ್ಲಿ, ಅಳುವ ಮಕ್ಕಳ ತಲೆ ಅಲ್ಲಾಡದಂತೆ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಪುಕ್ಕಲು ಅಂದರೆ ಮಹಾ ಪುಕ್ಕಲು. "ದಿನಾ ನೂರು ಹಲ್ಲು ನೋಡ್ತಾಳೆ, ಗೋಡೆ ಮೇಲೆ ಒಂದು ಹಲ್ಲಿ ಕಂಡ್ರೆ ಮಂಚ ಹತ್ತುತ್ತಾಳೆ" ಅಂತ ಗಂಡ ಎಲ್ಲರೆದುರೂ ನಗುತ್ತಿದ್ದ.

ಡಾಕ್ಟರೂ ಅವಳೂ ಒಂದೇ ಚರ್ಚಿನವರು. ಚರ್ಚಿನ ಸೇವೆಯ ತಂಡ ವರ್ಷಕ್ಕೊಮ್ಮೆ ದೂರದ ಬಡ ದೇಶವೊಂದಕ್ಕೆ ಹೋಗಿ ಹತ್ತು ದಿನ ಪುಕ್ಕಟೆ ಚಿಕಿತ್ಸೆ ಕೊಟ್ಟು ಬರುತ್ತಿತ್ತು. ಆ ವರ್ಷ ಪಾಸ್ಟರು ಹೋಗುವವರ ಹೆಸರು ಹಿಡಿದು ಪ್ರಾರ್ಥನೆ ಮಾಡುವಾಗ, ಕೇಳದೆ ಕರೆಯದೆ ಇವಳ ಹೆಸರನ್ನೂ ಸೇರಿಸಿಬಿಟ್ಟರು. ದೇವರ ಮುಂದೆ ಆಡಿದ ಮಾತಿಗೆ ಇಲ್ಲ ಅನ್ನೋದು ಹೇಗೆ? ಹೂಂ ಅಂದಳು. ವಿಮಾನ ನೆಲ ಬಿಟ್ಟಾಗ ಪಕ್ಕದಲ್ಲಿದ್ದ ಅಪರಿಚಿತನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಇಳಿಯುವಾಗ ಅವನು ತೋಳು ಉಜ್ಜಿಕೊಳ್ಳುತ್ತಾ ಇಳಿದ.

ತಗಡಿನ ಸೂರಿನ ಶಾಲೆಯ ಕೋಣೆಯೊಂದೇ ಅಲ್ಲಿ ಆಸ್ಪತ್ರೆ. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ದಿಂಬು ಕಟ್ಟಿ ಹಲ್ಲಿನ ಕುರ್ಚಿ ಮಾಡಿದ್ದರು. ಆ ಜನರ ಭಾಷೆ ಇವರಿಗೆ ತಿಳಿಯದು, ಅದನ್ನು ಕನ್ನಡದಲ್ಲಿ ತಿಳಿಸಿ ಹೇಳೋಕೆ, ನಮ್ಮ ಕಡೆ ಓದಿ ಬಂದಿದ್ದ ಶಾಲೆಯ ಮೇಷ್ಟ್ರಿದ್ದರು.

ಮೂರನೇ ದಿನ ಒಬ್ಬ ಹೆಂಗಸು ಬಂದಳು. ಕೆಳಗಿನ ದವಡೆ ಹಲ್ಲು ಹುಳುಕಾಗಿ ನಾಲ್ಕು ದಿನದಿಂದ ತಿಂದಿಲ್ಲ, ಮಲಗಿಲ್ಲ. ಡಾಕ್ಟರಿಗೆ ಬೆಳಗಿನಿಂದಲೇ ಮೈ ಕಾಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟವರೇ ಮೇಜು ಹಿಡಿಯಲು ಹೋಗಿ ನೆಲಕ್ಕೆ ಕುಸಿದು ಕೂತರು.

"ನೀವೇ ಕೀಳಿ" ಅಂದರು.

"ಯಾರು, ನಾನಾ?"

"ಮರಗಟ್ಟಿದ್ದು ಇಳಿಯೋದ್ರೊಳಗೆ ಆಗ್ಬೇಕು. ನನ್ನ ಕೈ ನೋಡಿ, ಹೇಗೆ ನಡುಗ್ತಿದೆ."

"ನನ್ನ ಕೈನೂ ನೋಡಿ ಡಾಕ್ಟ್ರೇ!"

"ನಂದು ಜ್ವರದ ನಡುಕ, ನಿಮ್ಮದು ಭಯದ್ದು. ಇಕ್ಕಳ ಹಿಡಿದ್ರೆ ನಿಲ್ಲುತ್ತೆ. ಆ ಹಲ್ಲು ಆಗಲೇ ಅಲ್ಲಾಡ್ತಿದೆ."

ಹತ್ತಿಯಮ್ಮ ಮೇಷ್ಟ್ರ ಕಡೆ ತಿರುಗಿ, "ಅವರಿಗೆ ನಿಜ ಹೇಳಿಬಿಡಿ. ನಾನು ಡಾಕ್ಟರಲ್ಲ, ಒಂದು ಹಲ್ಲೂ ಕಿತ್ತವಳಲ್ಲ" ಅಂದಳು. ಮೇಷ್ಟ್ರು ಹೇಳಿದರು. ಹೆಂಗಸು ಕೈಬೀಸಿ ಏನೋ ಅಂದಳು.

"ಮಾತು ಸಾಕು, ಬೇಗ ಕೀಳಿ ಅಂತಿದ್ದಾರೆ."

ಕರ್ತನೇ, ಈ ಕೈ ನಿಂದು ಅಂದ್ಕೋ, ನನ್ನ ಕೈಲಾಗಲ್ಲ ಅಂದುಕೊಂಡು ಇಕ್ಕಳ ಎತ್ತಿದಳು. ಡಾಕ್ಟರು ನೆಲದಿಂದಲೇ ಹೇಳುತ್ತಾ ಹೋದರು: "ಎಳೀಬೇಡಿ. ಕೆಳಗೆ ಒತ್ತಿ. ಈಗ ಕೆನ್ನೆ ಕಡೆಗೆ. ಈಗ ನಾಲಿಗೆ ಕಡೆಗೆ. ನಿಧಾನ." ನಡುಕದ ಬಗ್ಗೆ ಅವರು ಅಂದಿದ್ದು ಶುದ್ಧ ಸುಳ್ಳು. ಇಕ್ಕಳ ಹಿಡಿದ ಮೇಲೂ ನಡುಕ ನಿಲ್ಲಲಿಲ್ಲ. ಬೆವರು ಕಣ್ಣಿಗಿಳಿಯಿತು. ಒಳಗೆಲ್ಲೋ ಕರ್ ಅಂದಾಗ ದವಡೆಯೇ ಮುರಿಯಿತೇನೋ ಅಂತ ಅವಳ ಜೀವ ಬಾಯಿಗೆ ಬಂತು. ಮರುಕ್ಷಣ ಹಲ್ಲು ಬೇರು ಸಮೇತ ಇಕ್ಕಳದಲ್ಲಿತ್ತು.

ರಕ್ತ ಹತೋಟಿಗೆ ಬರಲು ಅರ್ಧ ಗಂಟೆ ಹಿಡಿಯಿತು. ನಾಳೆ ಬೆಳಿಗ್ಗೆ ಬಂದು ತೋರಿಸಬೇಕು ಅಂತ ಹೇಳಿಸಿ ಕಳಿಸಿದಳು. ಡಾಕ್ಟರನ್ನು ಪಕ್ಕದೂರಿನ ಆಸ್ಪತ್ರೆಗೆ ಸಾಗಿಸಿದರು. ಎಲ್ಲ ಮುಗಿದ ಮೇಲೆ ಅವಳಿಗೆ ನೆನಪಾಯಿತು: ಸಾವಿರ ಸಲ ಹೇಳಿದ ಮಾತು, ಉಗೀಬೇಡಿ ಅನ್ನೋದನ್ನ ಇವತ್ತೇ ಹೇಳಿಲ್ಲ! ಉಗಿದು ಉಗಿದು ಗಾಯ ಮತ್ತೆ ಬಾಯಿಬಿಟ್ಟರೆ?

ಬೆಳಿಗ್ಗೆ ಎಂಟಾಯಿತು, ಒಂಬತ್ತಾಯಿತು. ಹೆಂಗಸಿನ ಸುಳಿವಿಲ್ಲ. ಹತ್ತಕ್ಕೆ ಹತ್ತಿಯಮ್ಮ ಮೇಷ್ಟ್ರನ್ನು ಕರೆದುಕೊಂಡು ಹೊರಟೇಬಿಟ್ಟಳು. ತನ್ನೂರಲ್ಲಿ ರಸ್ತೆ ದಾಟಲು ಮಗಳ ಕೈ ಹಿಡಿಯುವವಳು, ಲಾರಿಗಳ ನಡುವೆ ನುಗ್ಗಿ ನಡೆದಳು. ಓಣಿಯ ತಿರುವಿನಲ್ಲಿ ಮೇಷ್ಟ್ರು ತೋರಿಸಿದ ಆ ಹೆಂಗಸಿನ ಮನೆ ಮುಂದೆ ಜನ ಗುಂಪುಗೂಡಿದ್ದು ಕಾಣಿಸಿತು. ಹತ್ತಿಯಮ್ಮನ ಕಾಲು ಅಲ್ಲೇ ನಿಂತಿತು.

"ಮೇಷ್ಟ್ರೇ, ನೀವು ಹೋಗಿ ನೋಡಿ. ನನಗಾಗಲ್ಲ. ಕೊಂದುಬಿಟ್ಟೆ ನಾನು."

ಮೇಷ್ಟ್ರು ಹೋಗಿ ನೋಡಿ ಕೈಮಾಡಿ ಕರೆದರು. "ನಲ್ಲಿ ನೀರು ಬಂದಿದೆ ಅಮ್ಮಾ, ಅದಕ್ಕೆ ಗುಂಪು!"

ಗುಂಪಿನ ನಡುವೆ ಅದೇ ಹೆಂಗಸು, ಬಿಂದಿಗೆ ಹಿಡಿದು ಯಾರ ಜೊತೆಗೋ ಗಂಟಲು ಹರಿಯುವಂತೆ ಜಗಳವಾಡುತ್ತಿದ್ದಳು. ಹತ್ತಿಯಮ್ಮನನ್ನು ಕಂಡದ್ದೇ ಜಗಳ ಬಿಟ್ಟು ಬಂದು ಬಾಯಗಲಿಸಿ ತೋರಿಸಿದಳು. ಗಾಯ ಸರಿಯಾಗಿಯೇ ಕೂಡುತ್ತಿತ್ತು. ಹತ್ತಿಯಮ್ಮ ಆ ಮನೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟರಲ್ಲಿ ಹೆಂಗಸು ಕೆನ್ನೆ ಹಿಡಿದುಕೊಂಡಿದ್ದ ಗಂಡನನ್ನು ಒಳಗಿಂದ ಎಳೆದು ತಂದು ಮುಂದೆ ನಿಲ್ಲಿಸಿದಳು.

"ಇವರದ್ದೂ ಕೀಳಬೇಕಂತೆ" ಅಂದರು ಮೇಷ್ಟ್ರು.

"ಅಯ್ಯೋ ಸ್ವಾಮಿ, ಸಾಕಪ್ಪಾ!" ಅಂತ ಅವಳು ಅಳುತ್ತಲೇ ನಕ್ಕಳು. ಎರಡು ದಿನ ಬಿಟ್ಟು ಡಾಕ್ಟರು ಎದ್ದು ಕೂತ ಮೇಲೆ ಅವನ ಹಲ್ಲನ್ನು ಅವರೇ ಕಿತ್ತರು.

ಊರಿಗೆ ಮರಳಿದ ಭಾನುವಾರ ಪಾಸ್ಟರು, ದೇವರು ಮಾಡಿದ ಉಪಕಾರಕ್ಕೆ ಸಭೆಯೆದುರು ಸಾಕ್ಷಿ ಹೇಳಲು ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. "ಕರ್ತನು ನಿಮ್ಮ ಭಯ ತೆಗೆದನಲ್ಲವಾ?"

"ಎಲ್ಲಿಯ ಮಾತು ಪಾಸ್ಟ್ರೇ" ಅಂದಳು. "ಹೋದಾಗಿಂದ ಬರೋವರೆಗೂ ನಡುಗ್ತಾನೇ ಇದ್ದೆ. ಈಗಲೂ ನಡುಗ್ತಿದ್ದೀನಿ."

ಆಮೇಲೂ ನಾಲ್ಕು ವರ್ಷ ಅವಳು ತಂಡದ ಜೊತೆ ಹೋದಳು. ಪ್ರತಿ ಸಲ ಹೊರಡುವ ಮೊದಲು ಡಾಕ್ಟರಿಗೆ ಜ್ವರ ಇದೆಯಾ ಅಂತ ತಾನೇ ನೋಡುತ್ತಿದ್ದಳು.