ಜಯಮ್ಮನ ಮಜ್ಜಿಗೆ

ಜಯಮ್ಮ ನನ್ನ ಮಗಳಿಗೆ ಮದ್ದು ಹಾಕಿರಲಿಲ್ಲ. ಇದು ನನಗೆ ಒಂಬತ್ತು ವರ್ಷದಿಂದ ಗೊತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಕೆರಗೋಡಿನ ಹತ್ತಿರದ ನಮ್ಮೂರಿನಲ್ಲಿ ಯಾರಾದರೂ ಕಾರಣವಿಲ್ಲದೆ ಸೊರಗಿದರೆ, ಇಲ್ಲವೇ ಬುದ್ಧಿ ತಿರುಗಿದರೆ, ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆ, ಮದ್ದು ಹಾಕಿದ್ದಾರೆ ಎನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅದು ಮೂಢನಂಬಿಕೆ ಎಂದು ಮಕ್ಕಳಿಗೆ ಪಾಠ ಮಾಡಿದವಳು. ಆದರೆ ಏಳು ವರ್ಷದ ಸಿಂಚನ ತಿಂದದ್ದೆಲ್ಲ ವಾಂತಿ ಮಾಡಿಕೊಂಡು, ಭೇದಿಯಾಗಿ, ಕಣ್ಣು ಗುಳಿಬಿದ್ದು ಮಲಗಿದಾಗ — ಡಾಕ್ಟರ ಮಾತ್ರೆಗೆ ನಾಲ್ಕು ದಿನ ನಿಂತು ಐದನೆಯ ದಿನ ಮತ್ತೆ ಶುರುವಾದಾಗ — ನನ್ನ ಕಣ್ಣು ಪಕ್ಕದ ಮನೆಯ ಕಡೆಗೇ ಹೋಯಿತು.

ಜಯಮ್ಮ ಒಂಟಿ ಹೆಂಗಸು. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು, ಒಂದು ಎಮ್ಮೆ ಸಾಕಿದ್ದಳು. ಸಂಜೆ ಸ್ಕೂಲಿನಿಂದ ಬಂದ ಸಿಂಚನಳಿಗೆ ದಿನಾ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಯಾಕೆ ಕೊಡುತ್ತಾಳೆ? ನನ್ನ ಮಗಳ ಮೇಲೆ ಇವಳಿಗೆ ಇಷ್ಟೊಂದು ಅಕ್ಕರೆ ಯಾಕೆ? ಲೋಟ ಮೂಸಿ ನೋಡಿದೆ. ಮದ್ದನ್ನು ಉಗುರಿನ ಸಂದಿಯಲ್ಲಿ ಇಟ್ಟುಕೊಂಡಿರುತ್ತಾರಂತೆ, ಅವಳ ಉಗುರು ನೋಡಿದೆ. ಮಗು ಕುಡಿದು ಮುಗಿಸುವವರೆಗೂ ಅವಳು ಅಲ್ಲೇ ನಿಂತು ನೋಡುತ್ತಾಳೆ ಎನ್ನುವುದು — ವರ್ಷಗಳಿಂದ ಹಾಗೇ ನಿಲ್ಲುತ್ತಿದ್ದವಳು — ಆಗ ಮಾತ್ರ ನನಗೆ ಕಂಡಿತು.

ಒಂದು ಬೆಳಿಗ್ಗೆ ಅಂಗನವಾಡಿ ಬಾಗಿಲಲ್ಲಿ, ತಾಯಂದಿರ ಮುಂದೆ, ಹೇಳಿಬಿಟ್ಟೆ.

"ಜಯಮ್ಮ, ಇನ್ನು ನಮ್ಮ ಮಗೂಗೆ ಏನೂ ಕೊಡಬೇಡ. ನೀನು ಕೊಟ್ಟಿದ್ದು ಅವಳ ಹೊಟ್ಟೇಲಿ ನಿಲ್ತಾ ಇಲ್ಲ."

"ಏನಂಗಂದ್ರೆ ಟೀಚರಮ್ಮ?" ಎಂದಳು. "ಎಂಗ್ ಬತ್ತದೆ ನಿನ್ ಬಾಯಲ್ಲಿ ಆ ಮಾತು?"

ಮದ್ದು ಎಂಬ ಪದ ನಾನು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ವಾರದೊಳಗೆ ತಾಯಂದಿರು ಅವಳು ಮಾಡಿದ್ದನ್ನು ಮಕ್ಕಳಿಗೆ ಕೊಡಬೇಡಿ ಎಂದರು. ಕೆಲಸ ಹೋಯಿತು. ಜಯಮ್ಮ ಎಮ್ಮೆ ಮಾರಿ ಭಾರತೀನಗರದ ತಂಗಿಯ ಮನೆ ಸೇರಿದಳು.

ಅವಳು ಹೋದ ಮೇಲೂ ವಾಂತಿ ನಿಲ್ಲಲಿಲ್ಲ. ಆಗ ನೀರಿನ ಮೇಲೆ ಅನುಮಾನ ಬಂತು. ಎರಡು ವರ್ಷ ಮಳೆ ಕೈಕೊಟ್ಟು ಊರ ಬಾವಿ ಬತ್ತಿದಾಗ ಹಿತ್ತಲಲ್ಲಿ ಬೋರು ಕೊರೆಸಿದ್ದೆವು, ತಿಪ್ಪೆಗೂ ಕಕ್ಕಸು ಗುಂಡಿಗೂ ತೀರಾ ಹತ್ತಿರ. ಮೂರನೆಯ ವರ್ಷ, ಸಿಂಚನ ಮಲಗುವ ಸ್ವಲ್ಪ ಮುಂಚೆ, ಇಡೀ ಮಳೆಗಾಲದ ಮಳೆ ಎರಡೇ ವಾರದಲ್ಲಿ ಸುರಿದು ಹಿತ್ತಲೆಲ್ಲ ಕೆರೆಯಾಗಿತ್ತು. ಅತ್ತೆ ಸದಾ ಬಿಸಿನೀರು ಕುಡಿಯುವವರು. ನಾನೂ ಯಜಮಾನರೂ ಹಗಲೆಲ್ಲ ಹೊರಗೆ. ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದವಳು ಸಿಂಚನ ಒಬ್ಬಳೇ.

ಬಾಟಲಿಯಲ್ಲಿ ನೀರು ತುಂಬಿಕೊಂಡು ಮಂಡ್ಯಕ್ಕೆ ಹೋಗಿ ಪರೀಕ್ಷೆಗೆ ಕೊಟ್ಟೆ. ಮಲದ ಕ್ರಿಮಿಗಳಿವೆ, ಕುಡಿಯಲು ಯೋಗ್ಯವಲ್ಲ ಎಂದು ಬರೆದುಕೊಟ್ಟರು. ಚೀಟಿ ಹರಿದು ಒಲೆಗೆ ಹಾಕಿದೆ. ಮೋಟರು ಸುಟ್ಟಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಕ್ಯಾನ್ ನೀರು ತರಿಸಿದೆ. ಅದೇ ವಾರ ಅತ್ತೆ ಮಗುವನ್ನು ಮಳವಳ್ಳಿ ಕಡೆ ಮದ್ದು ತೆಗೆಯುವವನ ಹತ್ತಿರ ಕರೆದೊಯ್ದಿದ್ದರು. ಸಿಂಚನ ಚೇತರಿಸಿಕೊಂಡಳು. ಮದ್ದು ಬಿತ್ತು ಎಂದಿತು ಊರು. ಆ ಮಗುವಿನ ಹೊಟ್ಟೆಗೆ ಹೋಗುತ್ತಿದ್ದ ಒಳ್ಳೆಯದು ಆ ಒಂದು ಲೋಟ ಮಜ್ಜಿಗೆಯೇ ಇರಬೇಕು.

ಹೋದ ತಿಂಗಳು ಸಿಂಚನ ಗೆಳತಿಯರ ಹತ್ತಿರ, "ನಾನು ಚಿಕ್ಕೋಳಿದ್ದಾಗ ಪಕ್ಕದ್ಮನೆಯವ್ಳು ಮದ್ದಾಕಿದ್ಲು" ಎಂದು ನಗುತ್ತಾ ಹೇಳುತ್ತಿದ್ದಳು. ಮೊದಲು ಅವಳನ್ನು ಕೂರಿಸಿಕೊಂಡು ನಿಜ ಹೇಳಿದೆ. ಮರುದಿನ ಭಾರತೀನಗರಕ್ಕೆ ಹೋದೆ. ಜಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ನನ್ ಮುಂದೆ ಯೋಳುದ್ರೆ ಏನಾಯ್ತದೆ? ನಾನ್ ಆಕಿಲ್ಲ ಅಂತ ನಂಗೊತ್ತಿಲ್ವಾ? ಅಲ್ಲೋಗಿ ಯೋಳು."

ಹೇಳುತ್ತಿದ್ದೇನೆ, ಮನೆ ಮನೆಗೆ ಹೋಗಿ. ಅಂದು ಅಂಗನವಾಡಿ ಬಾಗಿಲಲ್ಲಿದ್ದ ಪುಟ್ಟತಾಯಮ್ಮ ನಿನ್ನೆ ಎಲ್ಲಕ್ಕೂ ತಲೆಯಾಡಿಸಿ, ನಾನು ಜಗಲಿ ಇಳಿಯುತ್ತಿದ್ದಂತೆ ಸೊಸೆಗೆ ಹೇಳಿದ್ದು ಕಿವಿಗೆ ಬಿತ್ತು: "ಟೀಚರಮ್ಮಂಗೂ ಆಕ್ಬುಟ್ಟವ್ಳೆ ಕಣಮ್ಮಿ. ಅವ್ಳ ಮನೇಲಿ ಏನೋ ತಿಂದ್ಕಂಡ್ ಬಂದವ್ಳೆ."

ತಿರುಗಿ ಒಳಗೆ ಹೋದೆ. ಮೊದಲಿನಿಂದ, ಇನ್ನೊಮ್ಮೆ ಹೇಳಿದೆ.